ಮಾಡಿನ ಹೊಣೆ

ಕಾಪು
ಫೆಬ್ರವರಿ ೪, ೧೯೭೯

...ಹಂಚಿನ ಮಾಡಿನ ಮೇಲೆ ಬೀಳುವುದು ಮಂಡಳಿಯ ಮಳೆ, ಮಾಡಿನ ಕೆಳಗೆ ಬೀಳುವುದು ನಮ್ಮ ಮಳೆ ಎಂದು ಯಾರೋ ಹೇಳಿದ್ದರಲ್ಲ. ಇವತ್ತು ಅಂಗಡಿಯಲ್ಲಿ ಬಲೆಯ ನೂಲು ಸುತ್ತುತ್ತಾ ಕೂತಿದ್ದಾಗ ಆ ಮಾತು ಇಡಿಯಾಗಿ ನೆನಪಿಗೆ ಬಂತು, ಹೇಳಿದವರ ಮುಖ ಬರಲಿಲ್ಲ. ನೀನೇ ಇರಬೇಕು, ಜುಬೈದಾ. ಮಂಡಳಿಯ ಕಾಲೊನಿಯ ಈ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ, ಶಾಲೆಗೆ ಹೋಗುವ ವಯಸ್ಸಿನಲ್ಲಿ, ನೀನು ಇಂಥ ಮಾತು ಆಡುತ್ತಿದ್ದೆ. ಅಥವಾ ಪಕ್ಕದ ಮನೆಯ ಬೂಬಣ್ಣ ಹೇಳಿದ್ದನ್ನು ನಾನು ನಿನ್ನ ಬಾಯಲ್ಲಿಟ್ಟು ನೆನಪು ಮಾಡಿಕೊಳ್ಳುತ್ತಿರಬಹುದು. ಒಂದು ಮೋಡವೂ ಇಲ್ಲದ ದಿನ ಮಳೆಯ ಮಾತು ಯಾಕೆ ಬಂತೋ ತಿಳಿಯದು.

ನಿನಗೂ ಜಲಾಲ್ ಅವರಿಗೂ ನಮ್ಮ ಸಲಾಂ. ನಿನ್ನ ಉಮ್ಮ ಕ್ಷೇಮ. ಸಿಟ್ಟಿನಲ್ಲಿದ್ದಾಳೆ. ನಿನ್ನ ಸುದ್ದಿ ನಮಗೆ ತಿಳಿದದ್ದು ಕಾರ್ಕಳ ಬಸ್ಸಿನ ಕಂಡಕ್ಟರ್ ಜೋಕಿಮ್‌ನಿಂದ. ಅಂಗಡಿಯ ಮುಂದೆ ಬಂದು ನಿಂತು, ‘ಅಜ್ಜ ಆಗುವವರು ಹೀಗೆ ಸಪ್ಪೆ ಮುಖ ಮಾಡಿ ಕೂತುಕೊಳ್ಳುವುದಾ ಬ್ಯಾರಿಗಳೇ? ಒಂದು ತುಂಡು ಬೆಲ್ಲವಾದರೂ ಕೊಡಿ ಮಾರಾಯ್ರೆ’ ಎಂದ. ಹಗ್ಗ, ನೂಲು, ಗಾಳ ಮಾರುವವನ ಹತ್ತಿರ ಬೆಲ್ಲ ಎಲ್ಲಿಂದ ಬರಬೇಕು? ಒಂದು ಒಳ್ಳೆಯ ಗಾಳ ಕೊಟ್ಟೆ. ‘ಹೆತ್ತವಳಿಗಿಂತ ಮೊದಲು ಬಸ್ಸಿನವನಿಗೆ ಗೊತ್ತಾಯಿತಾ’ ಎಂದು ನಿನ್ನ ಉಮ್ಮ ಕೇಳಿದಳು. 

ನಮ್ಮಲ್ಲಿ ಮೊದಲ ಹೆರಿಗೆ ಹುಡುಗಿಯ ತಾಯಿಯ ಮನೆಯಲ್ಲಿ. ಅಳಿಯ ಬಂದು ಉಳಿಯುವ ಕೋಣೆಯೂ ಅಲ್ಲಿಯೇ. ಇದು ನಾನು ಬರೆದು ನಿನಗೆ ತಿಳಿಸಬೇಕಾದದ್ದಲ್ಲ. ನಿಮ್ಮ ಮದುವೆಗೆಂದು ಚಾವಡಿಯ ಅರ್ಧಕ್ಕೆ ಹಲಗೆ ಹೊಡೆಸಿ ಮಾಡಿದ ಕೋಣೆ ಹಾಗೆಯೇ ಉಂಟು. ಚಾಪೆ, ಮಂಚ, ಗೋಡೆಯ ಕನ್ನಡಿ, ಎಲ್ಲ. ಹೋದ ಮೇ ತಿಂಗಳಲ್ಲಿ ಜಲಾಲ್ ಅವರು ಅದರಲ್ಲಿ ಇದ್ದದ್ದು ಒಂದೇ ರಾತ್ರಿ. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ. ಮಳೆ ಬಂದಿತ್ತು, ಮಾಡು ಸೋರಿತ್ತು, ಅಷ್ಟೆ.

ನಿನ್ನೆ ಬಾಡಿಗೆಯ ಒಪ್ಪಂದವನ್ನು ತೆಗೆದು ಮತ್ತೆ ಓದಿದೆ. ಮಾಡು, ಹೊರಗೋಡೆ, ಬಾವಿಯ ಕಟ್ಟೆ ಕೆಟ್ಟರೆ ಸರಿ ಮಾಡಿಸುವುದು ತೀರವಸತಿ ಮಂಡಳಿ. ನೆಲ, ಬಾಗಿಲು, ಕಿಟಕಿಯ ಕೊಂಡಿ, ಒಳಗಿನ ಸುಣ್ಣ ಬಾಡಿಗೆದಾರನದು. ಬಾಡಿಗೆದಾರ ತಾನಾಗಿ ಮಾಡು ಮುಟ್ಟಿದರೆ ಅಂದಿನಿಂದ ಮಾಡಿನ ಹೊಣೆಯೂ ಅವನದೇ. ನನ್ನ ಪಾಲಿನದ್ದನ್ನು ನಾನು ಮಾಡಿದ್ದೇನೆ. ಈ ವರ್ಷದ ಸುಣ್ಣವೂ ಆಯಿತು. ಅವರ ಪಾಲಿನದ್ದಕ್ಕೆ ಅರ್ಜಿ ಹಾಕುತ್ತೇನೆ.

ಮಾಡಿನ ಗಾಜಿನ ಹಂಚಿನಿಂದ ಇಳಿಯುವ ನಡುಹಗಲಿನ ಬಿಸಿಲು ಈಗ ಕೋಣೆಯಲ್ಲಿ ಮಂಚದ ಕಾಲಿನ ಹತ್ತಿರ ಬೀಳುತ್ತದೆ. ನಿನ್ನ ಉಮ್ಮ ಅದನ್ನು ನೋಡಿಯೇ ನಮಾಜಿನ ಹೊತ್ತು ಹೇಳುತ್ತಾಳೆ. ಗೋಡೆಯ ಗಡಿಯಾರವನ್ನು ಅವಳು ಇವತ್ತಿಗೂ ನಂಬುವುದಿಲ್ಲ.

ನಿನ್ನ ಬಾಪ,
ಅಲಿಯಬ್ಬ


ಬಜಗೋಳಿ
ಫೆಬ್ರವರಿ ೨೬, ೧೯೭೯

ಪ್ರೀತಿಯ ಬಾಪನಿಗೆ ಸಲಾಂ.

ಉಮ್ಮನಿಗೆ ಬರೆಯಬೇಕೆಂದೇ ಇದ್ದೆ. ಬರೆದು ಹರಿದೆ, ಮತ್ತೆ ಬರೆದು ಹರಿದೆ. ಉಮ್ಮನಿಗೆ ಓದಲು ಬರುವುದಿಲ್ಲ, ನೀವು ಓದಿ ಹೇಳಬೇಕು. ಆ ಮಾತು ನಿಮ್ಮ ದನಿಯಲ್ಲಿ ಹೊರಡುವುದನ್ನು ನೆನೆದರೆ ನಾಚಿಕೆ ಆಗುತ್ತಿತ್ತು. ಜೋಕಿಮಣ್ಣನಿಗೆ ನಾನು ಹೇಳಿದ್ದಲ್ಲ. ಬಸ್ಸಿನಲ್ಲಿ ನನಗೆ ವಾಂತಿಯಾದದ್ದನ್ನು ನೋಡಿ ಅವರೇ ಲೆಕ್ಕ ಹಾಕಿದ್ದು.

ಇಲ್ಲಿ ಎಲ್ಲರೂ ಒಳ್ಳೆಯವರು. ಕುದುರೆಮುಖದ ಗಣಿಗೆ ಯಂತ್ರ ಹೊತ್ತ ಲಾರಿಗಳು ಹಗಲೂ ಇರುಳೂ ಹೋಗುತ್ತವೆ. ಇವರ ಚಹಾದ ಹೋಟೆಲಿನಲ್ಲಿ ಬೆಂಚು ಖಾಲಿ ಇರುವುದೇ ಇಲ್ಲ. ಲಾರಿ ಹೋಗುವಾಗ ಮನೆಯ ಕಪಾಟಿನಲ್ಲಿ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಮೊದಲು ನಿದ್ದೆ ಬರುತ್ತಿರಲಿಲ್ಲ, ಈಗ ಸದ್ದು ನಿಂತರೆ ಎಚ್ಚರವಾಗುತ್ತದೆ.

ಹೆರಿಗೆ ಇಲ್ಲಿಯೇ ಆಗಲಿ ಎಂದು ಇವರ ಉಮ್ಮ, ಮಾಮಿ ಖದೀಜಮ್ಮ, ಹೇಳುತ್ತಿದ್ದಾರೆ. ಮಣಿಪಾಲದ ದೊಡ್ಡ ಆಸ್ಪತ್ರೆ ಇಲ್ಲಿಂದ ಹತ್ತಿರವಂತೆ. ಕಾಪುವಿನಿಂದ ಇನ್ನೂ ಹತ್ತಿರ ಅಲ್ವಾ ಎಂದು ನಾನು ಹೇಳಲಿಲ್ಲ. ಬೇರೆ ಯಾರೂ ಹೇಳಲಿಲ್ಲ. ಇವರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಮಾತಿನ ಸುತ್ತ ಎಲ್ಲರೂ ಕಾಲು ತಾಗದ ಹಾಗೆ ನಡೆಯುತ್ತಾರೆ.

ಬಯಕೆ ಎಂತ ಎಂದು ಕೇಳುತ್ತಾರೆ. ಮಟ್ಟುವಿನ ಗುಳ್ಳ ಬದನೆ ಎಂದೆ. ಹಾಗೆ ಹೇಳಿಬಿಡುವುದು ಸುಲಭ.

ಬಿಸಿಲಿನ ತುಂಡು ಮಂಚದ ಕಾಲಿನಿಂದ ಮುಂದೆ ಯಾವ ಕಡೆ ಹೋಯಿತು? ಬರೆಯಿರಿ.

ನಿಮ್ಮ ಮಗಳು,
ಜುಬೈದಾ


ಕಾಪು
ಮಾರ್ಚ್ ೨೦, ೧೯೭೯

ಜುಬೈದಾ,

ಜೋಕಿಮ್‌ನ ಕೈಯಲ್ಲಿ ಗುಳ್ಳ ಕಳಿಸಿದ್ದೇನೆ. ಮಟ್ಟುವಿನ ಗದ್ದೆಯಿಂದಲೇ ತರಿಸಿದ್ದು. ತೊಟ್ಟಿನ ಮುಳ್ಳು ಹಾಗೆಯೇ ಉಂಟು, ಜಾಗ್ರತೆ. ಬೂಬಣ್ಣನ ಹೆಂಡತಿ ಕಮಲ ಒಣಮೀನಿನ ಪೊಟ್ಟಣ ಕಟ್ಟಿ ಕೊಟ್ಟಿದ್ದಾಳೆ. ವಾಸನೆಗೆ ಬಸ್ಸಿನವರು ಬೈದರೆ ನಾನು ಹೊಣೆಯಲ್ಲ ಎಂದು ಹೇಳಿದ್ದಾಳೆ.

ಮೊನ್ನೆ ಉಡುಪಿಗೆ ಹೋಗಿ ಮಂಡಳಿಯ ಕಚೇರಿಯಲ್ಲಿ ಅರ್ಜಿ ಕೊಟ್ಟೆ. ನಮ್ಮ ಕಾಲೊನಿಯನ್ನು ನೋಡಿಕೊಳ್ಳುವವರು ಓವರ್‌ಸಿಯರ್ ತಾರಾನಾಥ. ತಲೆ ಎತ್ತದೆ ಕೇಳಿದರು.

‘ಸೋರ್ತದಾ?’

‘ಮಳೆ ಬಂದರೆ ಸೋರುತ್ತದೆ.’

‘ಈಗ ಮಾರ್ಚ್ ಅಲ್ವಾ. ಸೋರುವಾಗ ಬಂದು ಹೇಳಿದರೆ ನೋಡಬಹುದು. ಈಗ ಬಂದು ಎಂತ ನೋಡುವುದು?’

‘ಹೋದ ಜೂನಿನಲ್ಲಿ ಬಂದಿದ್ದೆ. ಮಳೆಯಲ್ಲಿ ಮಾಡು ಹತ್ತುವ ಹಾಗಿಲ್ಲ, ಬೇಸಿಗೆಯಲ್ಲಿ ಬನ್ನಿ ಎಂದಿರಿ.’

ಆಗ ತಲೆ ಎತ್ತಿದರು. ‘ಹಾಗೆ ಹೇಳಿದ್ದು ನಾನೇ ಇರಬೇಕು’ ಎಂದು ನಕ್ಕರು. ಕೂರಿಸಿ ಚಹಾ ತರಿಸಿದರು. ಕೆಟ್ಟ ಮನುಷ್ಯ ಅಲ್ಲ. ಕಚೇರಿಯ ಮೇಲೆಯೂ ಹಂಚಿನ ಮಾಡು. ಮೂಲೆಯಲ್ಲಿ ಒಂದು ಬಕೆಟ್ ಇತ್ತು, ಒಣಗಿದ ಬಕೆಟ್. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. 

ಅರ್ಜಿಯ ಕೊನೆಯ ಸಾಲನ್ನು ಬಸ್ಸಿನಲ್ಲಿ ಹೋಗುತ್ತಾ ಮನಸ್ಸಿನಲ್ಲೇ ಕಟ್ಟಿದ್ದೆ. ‘ಮಾಡು ಮೊದಲು ಹೇಗಿತ್ತೋ ಹಾಗೆಯೇ ಮಾಡಿಕೊಡಬೇಕಾಗಿ ವಿನಂತಿ.’ ಬರೆದ ಮೇಲೆ ಓದಿ ನೋಡಿದೆ. ಚೆನ್ನಾಗಿ ಕಂಡಿತು.

ಬೂಬಣ್ಣನಿಗೆ ಇದೆಲ್ಲ ತಮಾಷೆ. ತನ್ನ ಮಾಡನ್ನು ಅವನು ಎಂದೋ ಮುಟ್ಟಿದ. ಈಗ ಪ್ರತಿವರ್ಷ ಅವನೇ ಹತ್ತುತ್ತಾನೆ, ಮಂಡಳಿ ಅವನ ಮನೆಯ ಕಡೆ ತಿರುಗಿ ನೋಡುವುದಿಲ್ಲ. ಬೇಲಿಯ ಆಚೆಯಿಂದ ಕೂಗಿದ: ‘ಅರ್ಜಿ ಬರೆದು ಬರೆದು ಬ್ಯಾರಿಗಳ ಕೈ ಸವೆಯಿತು, ಹಂಚು ಮಾತ್ರ ಹಾಗೆಯೇ ಉಂಟು. ನಾನು ಏಣಿ ತರ್ತೇನೆ. ಗಂಜಿ ಆರುವುದರ ಒಳಗೆ ಇಳಿದು ಬರ್ತೇನೆ.’

‘ಅದು ಅವರ ಕೆಲಸ ಬೂಬಣ್ಣ. ನಾನು ಮಾಡಿದರೆ ಅದು ಅವರದು ಎಂಬುದು ಅವರಿಗೆ ಯಾವತ್ತೂ ನೆನಪಾಗುವುದಿಲ್ಲ.’

‘ನೆನಪು ಇಟ್ಟುಕೊಂಡು ಮಂಡಳಿ ಎಂತ ಮಾಡ್ತದೆ ಮಾರಾಯ್ರೆ? ಕಣ್ಣೀರು ಹಾಕ್ತದಾ?’

ಅವನಿಗೆ ಹೇಳಿ ಪ್ರಯೋಜನವಿಲ್ಲ. ಒಬ್ಬರ ಪಾಲಿನದ್ದನ್ನು ಇನ್ನೊಬ್ಬರು ಮಾಡತೊಡಗಿದರೆ ಎಲ್ಲಿ ನಿಲ್ಲಿಸುವುದು? ನನಗೆ ಮನೆ ಎಂದರೆ ಗೋಡೆ, ಹಂಚು ಅಲ್ಲ, ಈ ಗೆರೆ. ಗೆರೆಯ ಈಚೆ ನಿಂತರೆ ನಿದ್ದೆ ಬರುತ್ತದೆ. ಬರುತ್ತಿತ್ತು ಎಂದು ಬರೆಯಬೇಕಿತ್ತೇನೋ.

ಬಿಸಿಲು ಮಂಚದ ಕಾಲು ಬಿಟ್ಟು ಕೋಣೆಯ ನಡುವೆ ಬಂದಿದೆ. ನೀನು ಸಣ್ಣವಳಿದ್ದಾಗ ಮಲಗುತ್ತಿದ್ದ ಜಾಗ.

ನಿನ್ನ ಬಾಪ,
ಅಲಿಯಬ್ಬ


ಬಜಗೋಳಿ
ಏಪ್ರಿಲ್ ೧೭, ೧೯೭೯

ಪ್ರೀತಿಯ ಬಾಪನಿಗೆ ಸಲಾಂ.

ಗುಳ್ಳ ಬಂದವು. ನನಗಿಂತ ಹೆಚ್ಚು ತಿಂದದ್ದು ಇವರು. ಬಯಕೆ ಯಾರದು ಎಂದು ಮಾಮಿ ಕೇಳಿದರು.

ನಿನ್ನೆ ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿ ಬಂದೆವು. ಎಲ್ಲ ಸರಿ ಉಂಟಂತೆ. ಹೊರಗೆ ಬಂದು ಗುಡ್ಡದ ಮೇಲೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಪಡುವಣದ ಅಂಚಿನಲ್ಲಿ ಒಂದು ಬಿಳಿಯ ಗೆರೆ ಕಂಡಿತು. ‘ಸಮುದ್ರ’ ಎಂದೆ ನಾನು. ‘ಮಂಜು’ ಎಂದರು ಇವರು. ‘ಕಾಪುವಿನ ದೀಪಸ್ತಂಭ ಆ ಕಡೆಯೇ ಅಲ್ವಾ’ ಎಂದೆ. ಇವರು ಬಹಳ ಹೊತ್ತು ಆ ಕಡೆ ನೋಡಿದರು. ಬಸ್ಸು ಬಂದು ನಿಂತು ಹಾರ್ನ್ ಹೊಡೆದ ಮೇಲೆಯೇ ಇಬ್ಬರೂ ತಿರುಗಿದ್ದು. ದಾರಿಯಲ್ಲಿ ನಾನು ನಿದ್ದೆ ಮಾಡಿದೆ. ಗೆರೆ ಹತ್ತಿರ ಬರುತ್ತಾ ಬರುತ್ತಾ ಚಾಪೆಯಷ್ಟು ಅಗಲವಾಗಿ, ನಾನು ಅದರ ಮೇಲೆ ಕೂತ ಹಾಗೆ ಕನಸು.

ಬಾಪಾ, ಬೂಬಣ್ಣ ಹತ್ತಲಿ. ಗಂಜಿ ಆರುವಷ್ಟು ಹೊತ್ತಿನ ಕೆಲಸ ಎಂದು ನೀವೇ ಬರೆದಿದ್ದೀರಿ. ನಿಮ್ಮ ಅರ್ಜಿಯ ಕಥೆಯನ್ನು ನಾನು ಇವರಿಗೆ ಓದಿ ಹೇಳಿದೆ. ನಕ್ಕರು. ‘ನಿನ್ನ ಬಾಪನಿಗೆ ಅಳಿಯ ನಾನಾ, ಮಂಡಳಿಯಾ?’ ಎಂದರು. ತಮಾಷೆಗೇ ಹೇಳಿದ್ದು. ಆದರೆ ನಕ್ಕು ಮುಗಿದ ಮೇಲೆ ಲೋಟ ತೊಳೆಯಲು ಎದ್ದು ಹೋದರು, ತೊಳೆದ ಲೋಟವನ್ನೇ ಮತ್ತೆ ತೊಳೆದರು.

ಮಾಮಿ ಇಲ್ಲಿ ಒಳಗಿನ ಕೋಣೆಯಲ್ಲಿ ನನಗೆಂದು ಮಂಚ ಹಾಕಿಸಿದ್ದಾರೆ. ಜೂನಿನಲ್ಲಿ ಏಳು ತುಂಬುತ್ತದೆ. ಕರೆಯಲು ಯಾರೂ ಬಾರದಿದ್ದರೆ ಅದೇ ಮಂಚ. ಇದನ್ನು ಉಮ್ಮನಿಗೆ ಓದಿ ಹೇಳಬೇಡಿ.

ನಿಮ್ಮ ಮಗಳು,
ಜುಬೈದಾ


ಕಾಪು
ಮೇ ೨೩, ೧೯೭೯

ಜುಬೈದಾ,

ಮಂಡಳಿಯವರು ಬಂದರು.

ನಾನೂ ನಂಬಲಿಲ್ಲ. ಬೆಳಿಗ್ಗೆ ಲಾರಿಯಲ್ಲಿ ಹಂಚು ಬಂದು ಇಳಿಯಿತು, ಹಿಂದಿನಿಂದ ತಾರಾನಾಥ ಸ್ಕೂಟರಿನಲ್ಲಿ. ಕೆಲಸದವರು ಹಳೆಯ ಹಂಚನ್ನೆಲ್ಲ ಇಳಿಸಿದರು. ಹುಳ ತಿಂದ ಮರದ ರೀಪುಗಳನ್ನು ಕಿತ್ತು ಹೊಸತು ಬಡಿದರು. ಮಧ್ಯಾಹ್ನದ ಹೊತ್ತಿಗೆ ಮನೆಗೆ ಮಾಡೇ ಇರಲಿಲ್ಲ. ನಾನು ನಿಮ್ಮ ಕೋಣೆಯಲ್ಲಿ ನಿಂತು ಮೇಲೆ ನೋಡಿದೆ. ಹದ್ದೊಂದು ಸುತ್ತುತ್ತಿತ್ತು. ಮನೆಯ ಒಳಗೆ ಇದ್ದೇನೋ ಹೊರಗೆ ಇದ್ದೇನೋ ಎಂದು ಒಂದು ಗಳಿಗೆ ತಿಳಿಯದೆ, ಬಾಗಿಲಿನಿಂದ ಹೊರಗೆ ಹೋಗಿ ಮತ್ತೆ ಬಾಗಿಲಿನಿಂದಲೇ ಒಳಗೆ ಬಂದೆ. ಬೂಬಣ್ಣ ನೋಡಿ ನಕ್ಕ. ನಿನ್ನ ಉಮ್ಮ ಎಲ್ಲರಿಗೂ ಅಕ್ಕಿರೊಟ್ಟಿ, ಮೀನಿನ ಸಾರು ಮಾಡಿ ಹಾಕಿದಳು. ತಾರಾನಾಥ ಮೀನು ತಿನ್ನುವುದಿಲ್ಲ, ರೊಟ್ಟಿಗೆ ಬೆಲ್ಲ ಹಾಕಿಸಿಕೊಂಡರು.

ಸಂಜೆ ಮಾಡು ಮುಚ್ಚಿತು. ಒಳಗೆ ಹೋದರೆ ಕತ್ತಲೆ. ನೋಡಿದರೆ ಗಾಜಿನ ಹಂಚು ಅಂಗಳದಲ್ಲಿ ತೆಂಗಿನಮರಕ್ಕೆ ಒರಗಿಕೊಂಡಿತ್ತು.

‘ಇದನ್ನು ಹಾಕಲಿಲ್ಲವಲ್ಲ’ ಎಂದೆ.

‘ಅದು ನಮ್ಮದಲ್ಲ ಬ್ಯಾರಿಗಳೇ’ ಎಂದರು ತಾರಾನಾಥ. ‘ಅಂದಾಜು ಪಟ್ಟಿಯಲ್ಲಿ ಗಾಜು ಇಲ್ಲ. ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ ಎಂದು ಬರೆದದ್ದು ನೀವೇ. ಮೊದಲು ಅಲ್ಲಿ ಮಣ್ಣಿನ ಹಂಚೇ ಇದ್ದದ್ದು, ನಕ್ಷೆಯಲ್ಲಿ ಉಂಟು. ಗಾಜು ನೀವು ಆಮೇಲೆ ಇಟ್ಟದ್ದಲ್ಲವಾ? ನಾನು ಇಷ್ಟು ವರ್ಷ ಅದನ್ನು ನೋಡದ ಹಾಗೆ ಇದ್ದೆ.’

ಅದು ನಿಜ. ನಾವು ಬಂದ ವರ್ಷ ಆ ಜಾಗದ ಹಂಚು ಒಡೆದಿತ್ತು. ನಿನಗೆ ಕತ್ತಲೆ ಹೆದರಿಕೆ ಎಂದು ನಾನು ಉಡುಪಿಯಿಂದ ಗಾಜಿನದ್ದು ತಂದು ಯಾರಿಗೂ ಹೇಳದೆ ಇಡಿಸಿದೆ. ಆ ಒಂದು ಹಂಚು ಗೆರೆಯ ಆಚೆ ಇತ್ತು. ಇಷ್ಟು ವರ್ಷ ನನಗೆ ಅದು ನೆನಪಾಗಲಿಲ್ಲ, ನೋಡು. ಕೆಲಸ ತೃಪ್ತಿಕರ ಎಂದು ಸಹಿ ಹಾಕಿ ಕೊಟ್ಟೆ.

‘ಸೋರುವುದನ್ನು ನಿಲ್ಲಿಸಿ ಎಂದರೆ ಸೂರ್ಯನನ್ನು ಮುಚ್ಚಿಸಿದಿರಾ?’ ಎಂದಳು ನಿನ್ನ ಉಮ್ಮ. ಈಗ ನಮಾಜಿನ ಹೊತ್ತು ನೋಡಲು ಅಂಗಳಕ್ಕೆ ಹೋಗಿ ಬರುತ್ತಾಳೆ.

ಮೊನ್ನೆ ಒಂದು ಜೋರು ಮಳೆ ಬಂತು. ನಾನು ಕೋಣೆಯ ಹಲಗೆಗೆ ಕೈ ಇಟ್ಟು ನಿಂತೇ ಇದ್ದೆ. ಒಂದು ಹನಿ ಇಲ್ಲ. ಮಳೆ ಮಾಡಿನ ಮೇಲೆ ಬಿದ್ದು ಮಾಡಿನಿಂದಲೇ ಹೋಯಿತು. ಇನ್ನು ಜಲಾಲ್ ಅವರಿಗೆ ನಾನು ಮುಖ ತೋರಿಸಬಹುದು. ಜೂನ್ ಹತ್ತರ ಭಾನುವಾರ ನಾನೂ ನಿನ್ನ ಉಮ್ಮನೂ ಕರೆಯಲು ಬರುತ್ತೇವೆ. ಖದೀಜಮ್ಮನವರಿಗೆ ಮೊದಲೇ ತಿಳಿಸು.

ನಿನ್ನ ಬಾಪ,
ಅಲಿಯಬ್ಬ


ಬಜಗೋಳಿ
ಜೂನ್ ೪, ೧೯೭೯

ಪ್ರೀತಿಯ ಬಾಪನಿಗೆ ಸಲಾಂ.

ಭಾನುವಾರ ಬರಬೇಡಿ. ನಾನು ಬರುವುದಿಲ್ಲ ಎಂದಲ್ಲ. ಇದನ್ನು ಓದಿ ಮುಗಿಸಿ.

ನಿಮ್ಮ ಕಾಗದವನ್ನು ಇವರಿಗೆ ಓದಿ ಹೇಳಿದೆ. ‘ಒಂದು ಹನಿ ಇಲ್ಲ’ ಎಂಬಲ್ಲಿಗೆ ಬಂದಾಗ ಇವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಾವೇ ಓದಿದರು. ‘ನಾನು ಹನಿಗೆ ಹೆದರಿ ಹೊರಟು ಬಂದದ್ದು ಎಂದು ತಿಳಿದಿದ್ದಾರಾ ನಿನ್ನ ಬಾಪ?’ ಎಂದರು. ಒಂದು ವರ್ಷದಲ್ಲಿ ಆ ರಾತ್ರಿಯ ಮಾತನ್ನು ನಾವು ಆಡಿದ್ದು ಅದೇ ಮೊದಲು.

ನಾನು ಆ ರಾತ್ರಿ ನಿದ್ದೆ ಹೋಗಿದ್ದೆ. ಇವರು ಹೋಗಿರಲಿಲ್ಲ. ಹನಿ ಹಲಗೆಯ ಮೇಲೆ ಬಿದ್ದು ಇಳಿಯುವ ಸದ್ದು ಇವರಿಗೆ ಹಿತವಾಗಿಯೇ ಇತ್ತಂತೆ. ಆಮೇಲೆ ಅದು ನಿಂತಿತು. ಅದರ ಬದಲು ಬಟ್ಟೆ ಹಿಂಡುವ ಸದ್ದು. ಮತ್ತೆ ಸುಮ್ಮನೆ. ಮತ್ತೆ ಹಿಂಡುವ ಸದ್ದು. ಹಲಗೆಯ ಆಚೆ ನೀವು ಕೂತಿದ್ದಿರಿ, ನೀರು ನಮ್ಮ ಕಡೆ ಬಾರದ ಹಾಗೆ ಬಟ್ಟೆ ಒತ್ತಿ ಹಿಡಿದು. ಇವರು ಎದ್ದು ಬಾಗಿಲು ತೆಗೆದರು. ನಿಮ್ಮ ಜೊತೆ ಕೂತು ಒಂದು ಬಟ್ಟೆ ತಾವೂ ಹಿಡಿಯುವುದು ಎಂದು. ನೀವು ಧಡಕ್ಕನೆ ಎದ್ದು, ‘ಏನಾದರೂ ಬೇಕಿತ್ತಾ?’ ಎಂದು ಕೇಳಿ, ಲಾಟೀನು ಎತ್ತಿ ಹಿಡಿದು ಹಿತ್ತಲಿನ ದಾರಿ ತೋರಿಸಿದಿರಂತೆ. ಇವರು ಹಿತ್ತಲಿಗೆ ಹೋಗಿ ಮಳೆಯಲ್ಲಿ ಸುಮ್ಮನೆ ನಿಂತು ಬಂದರು. ಬೆಳಿಗ್ಗೆ ಕೈ ತೊಳೆಯಲೂ ನೀವೇ ನೀರು ಹಾಕಿದಿರಿ. ಕೂತ ಮಣೆಯನ್ನೂ ಎತ್ತಲು ಬಿಡಲಿಲ್ಲ.

‘ಆ ಮನೆಯಲ್ಲಿ ಮಾಡು ಮಂಡಳಿಯದು, ನೆಲ ನಿನ್ನ ಬಾಪನದು’ ಎಂದರು ನಿನ್ನೆ. ‘ನನ್ನದು ಎಂತ ಉಂಟು ಅಲ್ಲಿ? ನನ್ನ ಬಾಪನ ವಯಸ್ಸಿನವರು ನನಗಾಗಿ ಎಚ್ಚರ ಕೂತಿರುವಾಗ ನಾನು ಮಲಗಿ ನಿದ್ದೆ ಬಂದವನ ಹಾಗೆ ಉಸಿರಾಡುವುದು, ಅಷ್ಟೇ ಅಲ್ವಾ?’

ಬಾಪಾ, ನೀವು ಅವರನ್ನು ನೋಡಿಕೊಂಡದ್ದರಲ್ಲಿ ಕೊರತೆ ಇರಲಿಲ್ಲ. ಕೊರತೆ ಇಲ್ಲದ್ದೇ ಕಷ್ಟವಾಯಿತೋ ಏನೋ.

ಇನ್ನೊಂದು ಮಾತು. ನನ್ನ ಬಯಕೆ ಗುಳ್ಳ ಆಗಿರಲಿಲ್ಲ. ಸಣ್ಣವಳಿದ್ದಾಗ ಕೋಣೆಯ ನಡುವೆ ಮಲಗಿ ಬಿಸಿಲಿನ ತುಂಡನ್ನು ಹೊಟ್ಟೆಯ ಮೇಲೆ ಬರಿಸಿಕೊಳ್ಳುತ್ತಿದ್ದೆ. ಅಂಗೈಯಿಂದ ಮುಚ್ಚಿದರೆ ಅದು ಕೈಯ ಮೇಲೆ ಹತ್ತಿ ಕೂರುತ್ತಿತ್ತು. ಮಗುವನ್ನು ಮೊದಲ ಬಾರಿ ಅಲ್ಲಿ ಮಲಗಿಸಿ ನೋಡಬೇಕು ಎಂದು ಇತ್ತು, ಅಷ್ಟೆ. ದೊಡ್ಡ ಸಂಗತಿ ಅಲ್ಲ. ಕತ್ತಲೆಯ ಬಗ್ಗೆ ನೀವು ಹೆಚ್ಚು ಬರೆಯಲಿಲ್ಲ.

ಇಲ್ಲಿ ಮಳೆ ಹಿಡಿದಿದೆ.

ನಿಮ್ಮ ಮಗಳು,
ಜುಬೈದಾ


ತೀರವಸತಿ ಮಂಡಳಿ
ಉಡುಪಿ
ಜೂನ್ ೨೭, ೧೯೭೯

ಶ್ರೀ ಅಲಿಯಬ್ಬ, ಬಾಡಿಗೆದಾರರು, ಕಾಪು ಕಾಲೊನಿ, ಇವರಿಗೆ:

ಮಂಡಳಿಯು ಇತ್ತೀಚೆಗೆ ದುರಸ್ತಿ ಮಾಡಿಸಿದ ತಮ್ಮ ವಾಸದ ಮನೆಯ ಮಾಡನ್ನು ತಾವು ಮಂಡಳಿಯ ಅನುಮತಿ ಪಡೆಯದೆ ಹತ್ತಿ, ಹಂಚು ಬದಲಾಯಿಸಿರುವುದು ತಪಾಸಣೆಯ ವೇಳೆ ಕಂಡುಬಂದಿದೆ. ಒಪ್ಪಂದದ ಪ್ರಕಾರ ಸದರಿ ಮಾಡಿನ ಮುಂದಿನ ಎಲ್ಲ ದುರಸ್ತಿಯ ಹೊಣೆಯೂ ಇಂದಿನಿಂದ ತಮ್ಮದೇ ಆಗಿರುತ್ತದೆ. ಈ ವಿಷಯದಲ್ಲಿ ಮಂಡಳಿಗೆ ಮುಂದೆ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ.

ತಾರಾನಾಥ
ಓವರ್‌ಸಿಯರ್

(ಕೆಳಗೆ ಪೆನ್ಸಿಲಿನಲ್ಲಿ:) ಬ್ಯಾರಿಗಳೇ, ಗಾಜಿನ ಹಂಚು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂತಿಲ್ಲ. ರಸ್ತೆಯಿಂದಲೇ ಕಾಣ್ತದೆ. ನೀರು ಇಳಿದೀತು. ಇದನ್ನು ನಾನು ವರದಿಯಲ್ಲಿ ಬರೆಯಲಿಲ್ಲ. ಈ ಮಳೆಯಲ್ಲಿ ಮತ್ತೆ ಹತ್ತಬೇಡಿ, ನಿಮ್ಮ ವಯಸ್ಸಿಗೆ ಅದು ಸರಿಯಲ್ಲ. ಮನೆಯವರಿಗೆ ನಮಸ್ಕಾರ ಹೇಳಿ.


ಕಾಪು
ಜುಲೈ ೧, ೧೯೭೯

ಜುಬೈದಾ,

ನಿನ್ನ ಕಾಗದ ಬಂದ ಮೇಲೆ ಬಹಳ ದಿನ ನಾನು ಬರೆಯಲಿಲ್ಲ. ಅಂಗಡಿಗೆ ಹೋಗಿ ಬರುತ್ತಿದ್ದೆ. ಮಳೆಗೆ ದೋಣಿಗಳನ್ನೆಲ್ಲ ಮೇಲೆ ಎಳೆದಿದ್ದಾರೆ, ನೂಲು ಕೇಳುವವರಿಲ್ಲ. ಸಂಜೆ ಮನೆಗೆ ಬಂದರೆ ಸೋರದ ಮಾಡು, ಕತ್ತಲೆಯ ಕೋಣೆ. ಹಲಗೆಯ ಈಚೆ ಆ ರಾತ್ರಿ ನಾನು ಕೂತಿದ್ದ ಜಾಗದಲ್ಲಿ ಕೂತು ನೋಡಿದೆ. ಆಚೆ ಇರುವವರಿಗೆ ಎಷ್ಟು ಕೇಳಿಸೀತು ಎಂದು ನಾನು ಆಗ ಯೋಚಿಸಿರಲಿಲ್ಲ. ಸದ್ದು ಮಾಡದೆ ಕೆಲಸ ಮಾಡಿದೆ ಎಂದೇ ತಿಳಿದಿದ್ದೆ.

ಜಲಾಲ್ ಬಾಗಿಲು ತೆಗೆದು ನಿಂತದ್ದು ನನಗೆ ಈಗಲೂ ಕಾಣುತ್ತದೆ. ಅವನ ಕೈ ಸ್ವಲ್ಪ ಮುಂದೆ ಚಾಚಿಕೊಂಡಿತ್ತು. ಲಾಟೀನು ಕೇಳುತ್ತಿದ್ದಾನೆ ಎಂದುಕೊಂಡೆ. ಅವನು ಕೇಳಿದ್ದು ಇನ್ನೊಂದು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು.

ಹೋದ ವಾರ ಎರಡು ಮಳೆಯ ನಡುವೆ ಆಕಾಶ ಸ್ವಲ್ಪ ಬಿಳಿಯಾಯಿತು. ಬೂಬಣ್ಣನ ಏಣಿ ಕೇಳಿದೆ. ಅವನು ಏಣಿ ತಂದು, ತಾನೇ ಹತ್ತುವವನ ಹಾಗೆ ಲುಂಗಿ ಎತ್ತಿ ಕಟ್ಟಿದ. ‘ನೀನು ಹಿಡಿದುಕೋ, ನಾನು ಹತ್ತುತ್ತೇನೆ’ ಎಂದೆ.

‘ಎಂತ ತಲೆ ಕೆಟ್ಟಿದೆಯಾ ನಿಮಗೆ? ಬೇಸಿಗೆ ಇಡೀ ಏಣಿ ತರ್ತೇನೆ ಎಂದೆ, ಆಗ ಗೆರೆ ಗೆರೆ ಎಂದಿರಿ. ಈಗ ಹಂಚು ಜಾರುವಾಗ ಹತ್ತುವುದಾ?’

‘ಹಿಡಿದುಕೋ ಬೂಬಣ್ಣ.’

‘ಬಿದ್ದರೆ ಎತ್ತುವುದು ಯಾರ ಪಾಲಿನ ಕೆಲಸ, ಅದನ್ನಾದರೂ ಹೇಳಿ ಹತ್ತಿ!’

ನಿನ್ನ ಉಮ್ಮ ಒಳಗಿನಿಂದ ಅಲ್ಲಾಹನನ್ನೂ ನನ್ನನ್ನೂ ಒಟ್ಟಿಗೆ ಕೂಗುತ್ತಿದ್ದಳು.

ಮಾಡಿನ ಮೇಲೆ ನಾನು ಹಿಂದೆ ಎಂದೂ ಹೋದವನಲ್ಲ. ಮೇಲಿನಿಂದ ನೋಡಿದರೆ ಕಾಲೊನಿಯ ಮಾಡುಗಳೆಲ್ಲ ಒಂದೇ, ಯಾವ ಮನೆ ಎಲ್ಲಿ ಮುಗಿಯುತ್ತದೆ ಎಂದು ತಿಳಿಯುವುದಿಲ್ಲ. ಆಚೆ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ದೀಪಸ್ತಂಭ ನಾನು ತಿಳಿದದ್ದಕ್ಕಿಂತ ಹತ್ತಿರ. ಯಾಕೆ ಹತ್ತಿದೆ ಎಂದು ಒಂದು ಗಳಿಗೆ ಮರೆತೇ ಹೋಯಿತು. ಅಷ್ಟರಲ್ಲಿ ಮಳೆ ಬಂತು. ಮಂಡಳಿಯ ಮಳೆ ಎಂದು ನಾವು ಹೇಳುತ್ತಿದ್ದದ್ದು ನನ್ನ ಬೆನ್ನಿನ ಮೇಲೆ ಬಿತ್ತು. ತಣ್ಣಗೆ, ಒಳಗಿನದ್ದರ ಹಾಗೆಯೇ ಇತ್ತು. ಮಣ್ಣಿನ ಹಂಚು ತೆಗೆದು ಗಾಜಿನದ್ದನ್ನು ಇಟ್ಟೆ. ಇಟ್ಟ ಕೂಡಲೇ ಕೆಳಗಿನಿಂದ ನಿನ್ನ ಉಮ್ಮನ ಕೂಗು, ‘ಬಂತು, ಬಂತು.’ ಆ ಮೋಡದಲ್ಲಿ ಎಷ್ಟು ಬೆಳಕು ಬಂದೀತು? ಬಂದದ್ದು ಅವಳಿಗೆ ಸಾಕಾಗಿತ್ತು.

ಮಂಡಳಿಯ ನೋಟೀಸು ಬಂದಿದೆ. ಇನ್ನು ಮಾಡು ನನ್ನದು. ಓದಿದಾಗ ದುಃಖವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ತಾರಾನಾಥ ಪೆನ್ಸಿಲಿನಲ್ಲಿ ಬರೆದದ್ದು ಸರಿ. ಹಂಚು ಸರಿಯಾಗಿ ಕೂತಿಲ್ಲ. ಜೋರು ಮಳೆಗೆ ಕೋಣೆಯ ನಡುವೆ ಹನಿ ಬೀಳುತ್ತದೆ. ಬೂಬಣ್ಣ ಸರಿ ಮಾಡುತ್ತೇನೆ ಎಂದ. ಮಳೆ ಬಿಡಲಿ ಎಂದೆ. ಸೋರುವುದಿಲ್ಲ ಎಂದು ನಿಮಗೆ ಸುಳ್ಳು ಬರೆಯಲಾರೆ. ಬೆಳಕು ಬೀಳುವ ಜಾಗದಲ್ಲೇ ಹನಿಯೂ ಬೀಳುವುದರಿಂದ, ಬಿಸಿಲು ಬಂದ ದಿನ ನಿನ್ನ ಉಮ್ಮ ಪಾತ್ರೆ ಸರಿಸಿ ಚಾಪೆ ಹಾಸುತ್ತಾಳೆ.

ದಿನ ನೀವೇ ಹೇಳಿ. ಅದಕ್ಕೆ ಮೊದಲು ನಾವು ಬರುವುದಿಲ್ಲ.

ನಿನ್ನ ಬಾಪ,
ಅಲಿಯಬ್ಬ

ಈ ಕೆಳಗಿನದ್ದನ್ನು ಅವನ ಕೈಗೆ ಕೊಡು.

ಜಲಾಲ್, ಹಿತ್ತಾಳೆಯ ಪಾತ್ರೆಯನ್ನು ಹಲಗೆಯ ಆಚೆ, ನಿಮ್ಮ ಬದಿಯಲ್ಲಿ ಇಟ್ಟಿದ್ದೇನೆ. ಒರೆಸುವ ಬಟ್ಟೆಯೂ ಅಲ್ಲೇ ಉಂಟು. ಮಾಡು ನನ್ನ ಪಾಲಿಗೆ ಬಂತು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಈ ಕಾಗದ ಬರೆಯುವಾಗಲೂ ಹನಿ ಬೀಳುತ್ತಿದೆ, ಪಾತ್ರೆ ಅರ್ಧ ತುಂಬಿದೆ. ನೀನು ಬಂದ ಮೇಲೆ, ನಡುರಾತ್ರಿ ಅದು ತುಂಬಿದರೆ ಎದ್ದು ಚೆಲ್ಲುವುದು ಯಾರು, ನೀನೋ ನಾನೋ?